ಜೋತು ಬೀಳದ ದಾರದ ಓಲೆ: ನನ್ನ ಅನುಭವ

"ದಾರದ ಓಲೆ ಅಂದ್ರೆ ನಾಯಿ ಕಿವಿ ಕಣೇ, ನಾಲ್ಕು ದಿನಕ್ಕೆ ಜೋತು ಬೀಳುತ್ತೆ" ಅಂತ, ನಾನು ಕ್ರೋಶಾ ಕಡ್ಡಿಯಲ್ಲಿ (ತುದಿಗೆ ಕೊಕ್ಕೆ ಇರುವ ಕಡ್ಡಿ) ಹೆಣೆದ ಓಲೆ ನೋಡಿ ಅತ್ತಿಗೆ ನಕ್ಕಿದ್ದರು. ಸಿಟ್ಟು ಬಂದಿತ್ತು. ಆದರೆ ಅವರ ಮಾತು ಸುಳ್ಳಾಗಲಿಲ್ಲ. ಮೊದಲು ಮಾರಿದ 12 ಜೊತೆಯಲ್ಲಿ 8 ವಾಪಸ್ ಬಂದವು, ದುಡ್ಡೂ ವಾಪಸ್ ಕೊಟ್ಟೆ. ಈಗ ಅದೇ ಅತ್ತಿಗೆ ನನ್ನ ಓಲೆ ಹಾಕಿಕೊಂಡು ಓಡಾಡುತ್ತಾರೆ. ಎರಡು ವರ್ಷವಾಯಿತು, ಅಂಚು ಇನ್ನೂ ಮಡಚಿಲ್ಲ.

ಓಲೆ ಗಟ್ಟಿಯಾಗಿ ನಿಲ್ಲಲಿ ಅಂತ ಮೊದಲು ಸಕ್ಕರೆ ಪಾಕದಲ್ಲಿ ಅದ್ದಿದ್ದೆ. ಒಣಗಿದ ಮೇಲೆ ಗಾಜಿನ ಹಾಗೆ ಗಟ್ಟಿ! ತೇವದ ದಿನ ಬಂತು ನೋಡಿ, ಕುತ್ತಿಗೆಗೆ ಅಂಟತೊಡಗಿತು, ಡಬ್ಬಿ ತುಂಬ ಇರುವೆ. ಆಮೇಲೆ ಕಾರ್ನ್‌ಫ್ಲೋರ್ ಗಂಜಿ. ಬಿಳಿ ದಾರಕ್ಕೆ ಪರವಾಗಿಲ್ಲ, ಕಪ್ಪು ದಾರದ ಮೇಲೆ ಹೊಟ್ಟು ಉದುರಿದ ಹಾಗೆ ಕಾಣುತ್ತಿತ್ತು. ಕೊನೆಗೆ ಮರಕ್ಕೆ ಹಚ್ಚುವ ಬಿಳಿ ಅಂಟನ್ನು ನೀರು ಬೆರೆಸದೆ ಬಳಿದೆ. ಓಲೆ ನಿಂತಿತು, ನಿಜ. ಆದರೆ ತೂತೆಲ್ಲ ಮುಚ್ಚಿ ಪ್ಲಾಸ್ಟಿಕ್ ಹಾಗಾಯಿತು. ಅಷ್ಟು ಕಷ್ಟಪಟ್ಟು ಹೆಣೆದಿದ್ದು ಯಾಕೆ ಅಲ್ವಾ?

ತಪ್ಪು ಅಂಟಿನದಲ್ಲ, ನನ್ನ ಹೆಣಿಗೆಯದು. 10ನೇ ನಂಬರ್ ದಪ್ಪದ ಹತ್ತಿ ದಾರಕ್ಕೆ ಎಲ್ಲರ ಹಾಗೆ 1.5 ಮಿ.ಮೀ. ದಪ್ಪದ ಕಡ್ಡಿ ಹಿಡಿಯುತ್ತಿದ್ದೆ. ಈಗ 1 ಮಿ.ಮೀ. ಬೆರಳು ನೋಯುತ್ತದೆ, ಹೊತ್ತೂ ಜಾಸ್ತಿ ಹಿಡಿಯುತ್ತದೆ, ಆದರೆ ಹೆಣಿಗೆ ಬಿಗಿಯಾದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ. ಆಮೇಲೆ ಅದೇ ಬಿಳಿ ಅಂಟು, ನೀರು ಬೆರೆಸಿ, ಮೂರು ಸಲ. ಮೊದಲ ಸಲ ಒಂದು ಪಾಲು ಅಂಟಿಗೆ ಸುಮಾರು ಮೂರು ಪಾಲು ನೀರು, ಎರಡನೇ ಸಲ ಎರಡು ಪಾಲು, ಕೊನೆಗೆ ಸಮಸಮ. ಪ್ರತಿ ಸಲಕ್ಕೂ ಒಂದು ದಿನದ ಬಿಡುವು. ಅವಸರಕ್ಕೆ ಹೇರ್ ಡ್ರೈಯರ್ ಹಿಡಿದು ನೋಡಿದೆ. ಒಂದು ಕಡೆ ಮೊದಲು ಒಣಗಿ ಹಪ್ಪಳದ ಹಾಗೆ ಸೊಟ್ಟಗಾಯಿತು. ಮೂರನೇ ಸಲದ ಅಂಟಿಗೆ ಇನ್ನೊಂದು ವಸ್ತು ಎರಡು ಹನಿ ಹಾಕುತ್ತೇನೆ. ಏನು ಅಂತ ಕೇಳಬೇಡಿ, ಹೊಟ್ಟೆಪಾಡು.

ಅತಿ ದೊಡ್ಡ ಪೆಟ್ಟು ಕೊಟ್ಟಿದ್ದು ಗುಂಡುಸೂಜಿ. 20 ಜೊತೆ ಬಿಳಿ ಓಲೆಯ ಆರ್ಡರ್. ಥರ್ಮಾಕೋಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಟು ಒಣಗುವಾಗ ಆಕಾರ ಕೆಡದಿರಲಿ ಅಂತ ಎಸಳೆಸಳಿಗೂ ಸೂಜಿ ಚುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ತೂತು ತೂತಿಗೂ ತುಕ್ಕಿನ ಕಲೆ. ಪೂರಾ ಮತ್ತೆ ಹೆಣೆದೆ. ಆ ತಿಂಗಳ ಲಾಭವೆಲ್ಲ ಅಲ್ಲಿಗೇ ಹೋಯಿತು. ಈಗ ತುಕ್ಕು ಹಿಡಿಯದ ಸೂಜಿಯೇ, ಎಷ್ಟೇ ಆಗಲಿ.

ನಡುವೆ ಉಲ್ಲನ್ ಕಡೆಗೂ ಹೋಗಿದ್ದೆ. ಅಕ್ರಿಲಿಕ್ ಉಲ್ಲನ್ ಅಂಟನ್ನು ಸರಿಯಾಗಿ ಕುಡಿಯಲೇ ಇಲ್ಲ. ಇಸ್ತ್ರಿ ಇಟ್ಟೆ, ಬಾಡಿದ ಸೊಪ್ಪಿನ ಹಾಗೆ ಮೆತ್ತಗಾಗಿ ಬಿದ್ದುಕೊಂಡಿತು. ಬಟ್ಟೆಯ ಹೂವನ್ನೂ ಬಿಡಲಿಲ್ಲ. ಪಾಲಿಯೆಸ್ಟರ್ ಸ್ಯಾಟಿನ್ ಎಸಳನ್ನು ಮೇಣದಬತ್ತಿಯ ಹತ್ತಿರ ಹಿಡಿದರೆ ಅಂಚು ಕರಗಿ ಚೆಂದವಾಗಿ ಸುರುಳಿಯಾಗುತ್ತದೆ. ಅದೇ ಹುಮ್ಮಸ್ಸಿನಲ್ಲಿ ಹತ್ತಿ ಬಟ್ಟೆಯನ್ನೂ ಹಿಡಿದೆ. ಹತ್ತಿ ಕರಗುತ್ತದೆಯೇ? ಧಗ್ ಅಂತ ಉರಿಯಿತು. ಹತ್ತಿ ತುಂಡುಗಳಲ್ಲಿ ಈಗ ಬಟ್ಟೆ ಸುತ್ತಿದ ಗುಂಡಿಯ ಓಲೆ ಮಾಡುತ್ತೇನೆ. ಹತ್ತು ನಿಮಿಷದ ಕೆಲಸ. ಬೇಜಾರಿನ ವಿಷಯ ಅಂದರೆ, ಅವೇ ಜಾಸ್ತಿ ಹೋಗುತ್ತವೆ.

ಇನ್ನು ದುಡ್ಡು. 50 ಗ್ರಾಂ ಉಂಡೆಯಲ್ಲಿ 25-30 ಜೊತೆ ಆಗುತ್ತದೆ, ಹಾಗಾಗಿ ದಾರದ ಖರ್ಚು ಲೆಕ್ಕಕ್ಕೇ ಇಲ್ಲ. ಸಾಮಾನಿನ ಖರ್ಚಲ್ಲಿ ಅರ್ಧಕ್ಕಿಂತ ಜಾಸ್ತಿ ತಿನ್ನುವುದು ಕಿವಿಯ ಕೊಂಡಿ ಮತ್ತು ಡಬ್ಬಿ. ಕೊಂಡಿಯಲ್ಲಿ ಉಳಿಸೋಣ ಅಂತ ಅಗ್ಗದ್ದು ತಂದಿದ್ದೆ. ಇಬ್ಬರಿಗೆ ಕಿವಿ ತುರಿಸಿ ಕೆಂಪಾಯಿತು. ಸ್ಟೀಲಿನದಕ್ಕೆ ಬದಲಾಯಿಸಿ ಬೆಲೆ ಕಾಲು ಭಾಗ ಏರಿಸಿದೆ. ಒಬ್ಬರೂ ಗೊಣಗಲಿಲ್ಲ. ಮೊದಲೇ ಏರಿಸಬಹುದಿತ್ತು!

ಇಷ್ಟಾದರೂ ನೀರಿಗೆ ಈ ಅಂಟು ಮೆತ್ತಗಾಗುತ್ತದೆ. ಕೊಡುವಾಗಲೇ ಹೇಳುತ್ತೇನೆ. ಆದರೂ ಒಬ್ಬರು ಹಾಕಿಕೊಂಡೇ ತಲೆಸ್ನಾನ ಮಾಡಿ, ನಾಯಿ ಕಿವಿ ಮಾಡಿಕೊಂಡು ತಂದರು. ಮತ್ತೆ ಸೂಜಿ ಚುಚ್ಚಿ, ಎರಡು ಸಲ ತೆಳ್ಳಗೆ ಅಂಟು ಬಳಿದು ಕೊಟ್ಟೆ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಅತ್ತಿಗೆಗೆ ಮಾತ್ರ ಹೇಳಿಲ್ಲ.