ಪೈಥಾನ್‌ನಲ್ಲಿ ಚಾರ್ಟ್‌ಗೆ ಬಣ್ಣದ ಪ್ಯಾಲೆಟ್ ಕಟ್ಟುವುದು ಹೇಗೆ

ನೀವು ಬಣ್ಣ ಹೇಳದಿದ್ದರೆ ಪೈಥಾನ್‌ನಲ್ಲಿ ಚಾರ್ಟ್ ಬಿಡಿಸುವ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್ ತನ್ನ ಹತ್ತು ಬಣ್ಣಗಳನ್ನು ಸಾಲಾಗಿ ಹಂಚಿಬಿಡುತ್ತದೆ. ಹನ್ನೊಂದನೇ ಗೆರೆಗೆ ಮತ್ತೆ ಮೊದಲನೇ ಬಣ್ಣವೇ ಬರುತ್ತದೆ, ಎರರ್ ಮಾತ್ರ ಬರುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಐದು ವರ್ಗಗಳ ಡೇಟಾದಿಂದ ಒಂದನ್ನು ಫಿಲ್ಟರ್ ಮಾಡಿ ತೆಗೆದರೆ ಅದರ ನಂತರದ ವರ್ಗಗಳೆಲ್ಲ ಒಂದೊಂದು ಬಣ್ಣ ಹಿಂದಕ್ಕೆ ಸರಿಯುತ್ತವೆ. ಒಂದೇ ವರದಿಯ ಮೊದಲ ಪುಟದಲ್ಲಿ ಹಸಿರಾಗಿದ್ದ ವರ್ಗ ಮೂರನೇ ಪುಟದಲ್ಲಿ ಕಿತ್ತಳೆಯಾಗುತ್ತದೆ, ಓದುವವರು ತಪ್ಪು ಗೆರೆಯನ್ನು ಹಿಂಬಾಲಿಸುತ್ತಾರೆ.

ಆದ್ದರಿಂದ ವರ್ಗಗಳ ಪ್ಯಾಲೆಟ್ಟನ್ನು ಲಿಸ್ಟ್ ಆಗಿ ಬರೆಯಬೇಡಿ, ಡಿಕ್ಷನರಿಯಾಗಿ ಬರೆಯಿರಿ: ಕೀ ಜಾಗದಲ್ಲಿ ವರ್ಗದ ಹೆಸರು, ವ್ಯಾಲ್ಯೂ ಜಾಗದಲ್ಲಿ ಬಣ್ಣ. ಅದನ್ನು ಬೇರೆ ಮಾಡ್ಯೂಲ್‌ನಲ್ಲಿಟ್ಟು ಎಲ್ಲ ಚಾರ್ಟ್‌ಗಳೂ ಅಲ್ಲಿಂದಲೇ ಇಂಪೋರ್ಟ್ ಮಾಡಿಕೊಳ್ಳಲಿ. ಮ್ಯಾಟ್‌ಪ್ಲಾಟ್‌ಲಿಬ್ ಮೇಲೆ ಕಟ್ಟಿದ ಸೀಬಾರ್ನ್ ಲೈಬ್ರರಿಯಲ್ಲಿ ಪ್ಯಾಲೆಟ್ ಆರ್ಗ್ಯುಮೆಂಟ್‌ಗೆ ಈ ಡಿಕ್ಷನರಿಯನ್ನು ನೇರವಾಗಿ ಕೊಡಬಹುದು. ಡೇಟಾದಲ್ಲಿರುವ ಹೆಸರು ಡಿಕ್ಷನರಿಯಲ್ಲಿ ಇಲ್ಲದಿದ್ದರೆ ಅದು ಎರರ್ ಕೊಟ್ಟು ನಿಲ್ಲುತ್ತದೆ. ಇದು ಒಳ್ಳೆಯದೇ. ಹೆಸರಿನ ಕೊನೆಯಲ್ಲಿ ಉಳಿದುಹೋದ ಒಂದು ಖಾಲಿ ಸ್ಪೇಸ್ ಕೂಡ ಇಲ್ಲಿ ಸಿಕ್ಕಿಬೀಳುತ್ತದೆ.

ಬಣ್ಣದ ಬೆಲೆಗಳನ್ನು, ಅಂದರೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಹೇಳುವ ಮೂರು ಸಂಖ್ಯೆಗಳನ್ನು, ನಾವು ಸಾಮಾನ್ಯವಾಗಿ 0ಯಿಂದ 255ರವರೆಗೆ ಬರೆದುಕೊಳ್ಳುತ್ತೇವೆ, ಮ್ಯಾಟ್‌ಪ್ಲಾಟ್‌ಲಿಬ್ ಕೇಳುವುದು 0ಯಿಂದ 1ರವರೆಗಿನ ಬೆಲೆಗಳನ್ನು. ಮೂರೂ ಸಂಖ್ಯೆಗಳನ್ನು 255ರಿಂದ ಭಾಗಿಸುವ ಸಣ್ಣ ಫಂಕ್ಷನ್ ಒಂದನ್ನು ಅದೇ ಮಾಡ್ಯೂಲ್‌ನಲ್ಲಿ ಇಡಿ.

ವರ್ಗಗಳಿಗೆ ಯಾವ ಬಣ್ಣ? ಕೆಂಪು-ಹಸಿರು ಬಣ್ಣಗುರುಡು ಇರುವವರಿಗೂ ಬೇರೆಬೇರೆಯಾಗಿ ಕಾಣುವಂತೆ ಜಪಾನಿನ ಮಸಾಟಾಕ ಒಕಾಬೆ ಮತ್ತು ಕೇಯ್ ಇಟೊ ರೂಪಿಸಿದ ಎಂಟು ಬಣ್ಣಗಳ ಗುಂಪಿನಿಂದ ಶುರು ಮಾಡುವುದು ಕ್ಷೇಮ. ಕೆಂಪು, ಹಸಿರು, ನೀಲಿ ಈ ಕ್ರಮದಲ್ಲಿ ಬೆಲೆಗಳು:

ಕಪ್ಪು: 0, 0, 0
ಕಿತ್ತಳೆ: 230, 159, 0
ಆಕಾಶ ನೀಲಿ: 86, 180, 233
ನೀಲಿ ಛಾಯೆಯ ಹಸಿರು: 0, 158, 115
ಹಳದಿ: 240, 228, 66
ನೀಲಿ: 0, 114, 178
ಸಿಂಧೂರ ಕೆಂಪು: 213, 94, 0
ನಸುಗೆಂಪು ನೇರಳೆ: 204, 121, 167

ಈ ಗುಂಪಿಗೂ ಮಿತಿಗಳಿವೆ. ಕೆಂಪನ್ನು 0.299ರಿಂದ, ಹಸಿರನ್ನು 0.587ರಿಂದ, ನೀಲಿಯನ್ನು 0.114ರಿಂದ ಗುಣಿಸಿ ಕೂಡಿಸಿದರೆ ಆ ಬಣ್ಣ ಬೂದು ಛಾಯೆಯಲ್ಲಿ ಸುಮಾರು ಎಷ್ಟು ತಿಳಿಯಾಗಿ ಕಾಣುತ್ತದೆಂದು ಗೊತ್ತಾಗುತ್ತದೆ. ಕಿತ್ತಳೆಗೆ 162 ಬರುತ್ತದೆ, ಆಕಾಶ ನೀಲಿಗೆ 158. ಪರದೆಯ ಮೇಲೆ ಅಷ್ಟು ದೂರವಿರುವ ಈ ಎರಡು ಬಣ್ಣಗಳು ಕಪ್ಪು-ಬಿಳುಪು ಪ್ರಿಂಟ್‌ನಲ್ಲಿ ಒಂದೇ ಬೂದು. ನೀಲಿಗೆ 87 ಬರುವುದರಿಂದ ಕಿತ್ತಳೆ ಮತ್ತು ನೀಲಿಯ ಜೋಡಿ ಪ್ರಿಂಟ್‌ನಲ್ಲೂ ಉಳಿಯುತ್ತದೆ. ಹಳದಿಗೆ 213, ಬಿಳಿ ಹಿನ್ನೆಲೆಯಲ್ಲಿ ತೆಳು ಗೆರೆಗೆ ಅದನ್ನು ಬಳಸಲೇಬಾರದು, ಅಗಲವಾದ ಬಾರ್‌ಗಾದರೆ ಕಪ್ಪು ಅಂಚು ಕಟ್ಟಿ ಬಳಸಬಹುದು. ವರ್ಗಗಳು ಆರೇಳಕ್ಕಿಂತ ಹೆಚ್ಚಾದರೆ ಹೊಸ ಬಣ್ಣ ಹುಡುಕುತ್ತಾ ಕೂರಬೇಡಿ. ಮುಖ್ಯವಾದ ಎರಡು ಮೂರಕ್ಕೆ ಬಣ್ಣ ಕೊಟ್ಟು ಉಳಿದವನ್ನೆಲ್ಲ ಬೂದು ಮಾಡಿ.

ಸಣ್ಣದರಿಂದ ದೊಡ್ಡದಕ್ಕೆ ಏರುವ ಸಂಖ್ಯೆಗಳಿಗೆ ಲೆಕ್ಕ ಬೇರೆ. ಇಲ್ಲಿ ಕಣ್ಣಿಗೆ ಏರಿಕೆ ಗೊತ್ತಾಗುವುದು ತಿಳಿ-ಗಾಢದಿಂದ. ನಕ್ಷೆಗಳಿಗಾಗಿ ಮಾಡಿದ ಪ್ಯಾಲೆಟ್‌ಗಳ ಸಂಗ್ರಹ ಕಲರ್‌ಬ್ರೂಯರ್‌ನ ಐದು ಹಂತದ ನೀಲಿಯನ್ನು ನೋಡಿ: (239, 243, 255), (189, 215, 231), (107, 174, 214), (49, 130, 189), (8, 81, 156). ಮೇಲಿನ ಲೆಕ್ಕ ಹಾಕಿದರೆ 243, 209, 159, 113, 68. ಎಲ್ಲೂ ಹಿಂದೆ ಮುಂದೆ ಆಗದೆ ಇಳಿಯುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಹಳೆಯ ಡೀಫಾಲ್ಟ್ ಕಲರ್‌ಮ್ಯಾಪ್ (ಸಂಖ್ಯೆಗಳನ್ನು ಬಣ್ಣಗಳಿಗೆ ಹೊಂದಿಸುವ ಪಟ್ಟಿ) ಜೆಟ್ ಸೋತದ್ದು ಇಲ್ಲೇ. ಅದು ನಡುವೆ ತಿಳಿಯಾಗಿ ಎರಡು ತುದಿಯಲ್ಲೂ ಗಾಢವಾಗುತ್ತದೆ, ಡೇಟಾದಲ್ಲಿ ಇಲ್ಲದ ಅಂಚುಗಳನ್ನು ತೋರಿಸುತ್ತದೆ. 2017ರಲ್ಲಿ ಬಂದ 2.0 ಆವೃತ್ತಿಯಿಂದ ಅದರ ಜಾಗಕ್ಕೆ ವಿರಿಡಿಸ್ ಬಂತು.

ಹಂತಗಳು ಬೇಕಿದ್ದರೆ ಈ ಬಣ್ಣಗಳನ್ನು ಲಿಸ್ಟೆಡ್‌ಕಲರ್‌ಮ್ಯಾಪ್‌ಗೆ ಕೊಟ್ಟು, ಜೊತೆಗೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ ಯಾವ ಬಣ್ಣ ಎಂದು ನಿರ್ಧರಿಸುವ ಬೌಂಡರಿನಾರ್ಮ್‌ನಲ್ಲಿ ಗಡಿಗಳನ್ನು ಹೇಳಿ. ಗಡಿಗಳು ಬಣ್ಣಗಳಿಗಿಂತ ಒಂದು ಹೆಚ್ಚಿರಬೇಕು: ಐದು ಬಣ್ಣಕ್ಕೆ 0, 10, 25, 50, 75, 100 ಎಂದು ಆರು. ಒಂದೇ ಸಮನೆ ಬೆರೆಯುವ ಪಟ್ಟಿ ಬೇಕಿದ್ದರೆ ಲೀನಿಯರ್‌ಸೆಗ್ಮೆಂಟೆಡ್‌ಕಲರ್‌ಮ್ಯಾಪ್‌ನ ಫ್ರಮ್-ಲಿಸ್ಟ್ ಮೆಥಡ್ ಇದೆ. ನೀವು ಕೊಟ್ಟ ಬಣ್ಣಗಳ ನಡುವೆ ತುಂಬಿಸಿ ಅದು 256 ಬಣ್ಣ ಮಾಡಿಕೊಡುತ್ತದೆ. ಆದರೆ ತುಂಬಿಸುವುದು ಬರೀ ಸರಾಸರಿಯಿಂದ. ಅಚ್ಚ ನೀಲಿ (0, 0, 255) ಮತ್ತು ಅಚ್ಚ ಹಳದಿ (255, 255, 0) ಮಾತ್ರ ಕೊಟ್ಟರೆ ಮಧ್ಯದಲ್ಲಿ ಹಸಿರು ಬರುತ್ತದೆಂದು ಕಾಯಬೇಡಿ, ಬರುವುದು ಮಂಕು ಬೂದು. ನಡುವಿನ ಬಣ್ಣವನ್ನೂ ನೀವೇ ಕೊಡಬೇಕು.

ಸೊನ್ನೆಯ ಆಚೆ ಈಚೆ ಹೋಗುವ ಡೇಟಾಗೆ ನೀಲಿ (33, 102, 172), ಬಹುತೇಕ ಬಿಳಿ (247, 247, 247), ಕೆಂಪು (178, 24, 43) ಒಳ್ಳೆಯ ಆಯ್ಕೆ. ಎಡವುವುದು ಬಣ್ಣದಲ್ಲಿ ಅಲ್ಲ, ಮಿತಿಯಲ್ಲಿ. ಡೇಟಾ -2ರಿಂದ 8ರವರೆಗಿದ್ದು ನೀವು ಏನೂ ಹೇಳದಿದ್ದರೆ ಬಿಳಿ ಬೀಳುವುದು 3ರ ಮೇಲೆ. ಆಗ +1 ಕೂಡ ನೀಲಿಯಾಗಿ ಕಾಣುತ್ತದೆ. ನಡುಬಿಂದುವಿನ ಎರಡೂ ಕಡೆ ಬೇರೆಬೇರೆ ಅಳತೆಯಲ್ಲಿ ಬಣ್ಣ ಹಂಚುವ ಟೂಸ್ಲೋಪ್‌ನಾರ್ಮ್ ಬಳಸಿ ನಡುಬಿಂದುವನ್ನು ಸೊನ್ನೆಗೆ ಇಡಬಹುದು, ಆದರೆ ಆಗ -2 ಕೂಡ 8ರಷ್ಟೇ ಗಾಢವಾಗುತ್ತದೆ. ಎರಡೂ ಕಡೆ ಅಳತೆ ಒಂದೇ ಆಗಿದ್ದರೆ ಮಿತಿಗಳನ್ನು -8 ಮತ್ತು 8 ಎಂದು ಸಮವಾಗಿಡುವುದೇ ಪ್ರಾಮಾಣಿಕ.

ಇದೇ ಪ್ಯಾಲೆಟ್‌ನಲ್ಲಿ ಇನ್ನೊಂದು ಅಪಾಯ ಅಡಗಿದೆ. ಡೇಟಾದಲ್ಲಿ ಸಂಖ್ಯೆಯೇ ಇಲ್ಲದ ಕೋಶಗಳನ್ನು ಮ್ಯಾಟ್‌ಪ್ಲಾಟ್‌ಲಿಬ್ ಪಾರದರ್ಶಕವಾಗಿ ಬಿಡುತ್ತದೆ, ಬಿಳಿ ಹಿನ್ನೆಲೆಯಲ್ಲಿ ಅವು ಸೊನ್ನೆಯಂತೆಯೇ ಕಾಣುತ್ತವೆ. ಅಳೆಯದೇ ಇದ್ದದ್ದು ಬದಲಾಗದೇ ಇದ್ದದ್ದಾಗಿಬಿಡುತ್ತದೆ. ಕಲರ್‌ಮ್ಯಾಪ್‌ನ ಕಾಪಿ ಮಾಡಿಕೊಂಡು ಸೆಟ್-ಬ್ಯಾಡ್ ಮೆಥಡ್ ಮೂಲಕ ಆ ಕೋಶಗಳಿಗೆ (150, 150, 150) ಬೂದು ಕೊಡಿ. ಇಲ್ಲೂ 255ರಿಂದ ಭಾಗಿಸುವುದನ್ನು ಮರೆಯಬೇಡಿ. ಈ ಬೂದು ಚಾರ್ಟ್ ಪಕ್ಕದ ಕಲರ್‌ಬಾರ್‌ನಲ್ಲಿ ತಾನಾಗಿ ಬರುವುದಿಲ್ಲ, ಹಾಗಾಗಿ ಲೆಜೆಂಡ್‌ನಲ್ಲಿ ಒಂದು ಬೂದು ಚೌಕ ಇಟ್ಟು ಪಕ್ಕದಲ್ಲಿ ‘ಡೇಟಾ ಇಲ್ಲ’ ಎಂದು ಕೈಯಾರೆ ಸೇರಿಸಿ.