ಕಬ್ಬಿಗೆ ಟ್ರೈಕೋ ಕಾರ್ಡ್: ಸುಳಿ ಒಣಗುವ ಮುಂಚೆಯೇ ಕಟ್ಟಿ

ಮುಧೋಳ, ಜಮಖಂಡಿ, ಗೋಕಾಕ ಕಡೆ ಎಷ್ಟೋ ಜನ ಕಬ್ಬಿನ ಸುಳಿ ಒಣಗಿದ ಮೇಲೆ ಟ್ರೈಕೋ ಕಾರ್ಡ್ (ಒಳಗೆ ಕಣಜ ಬೆಳೆಯುತ್ತಿರುವ ಸಣ್ಣ ಮೊಟ್ಟೆಗಳನ್ನು ಅಂಟಿಸಿದ ರಟ್ಟು) ಹುಡುಕುತ್ತಾರೆ. ಆಗ ತಡವಾಗಿರುತ್ತದೆ. ಎಳೆದ ಕೂಡಲೇ ಸುಳಿ ಕೈಗೆ ಬಂದು ಕೊಳೆತ ವಾಸನೆ ಹೊಡೆಯಿತು ಅಂದರೆ ಸುಳಿ ಕೊರೆಯುವ ಹುಳು ಒಳಗೆ ಹೊಕ್ಕು ಆಗಿದೆ. ಕಾರ್ಡಿನಿಂದ ಹೊರಬರುವ ಟ್ರೈಕೋಗ್ರಾಮ ಕಣಜ ಅದನ್ನು ಮುಟ್ಟುವುದಿಲ್ಲ, ಅದಕ್ಕೆ ಬೇಕಾದದ್ದು ಆ ಹುಳದ ಪತಂಗ ಇಟ್ಟ ಮೊಟ್ಟೆ. ಅರ್ಧ ಮಿಲಿಮೀಟರಿನಷ್ಟೇ ಇರುವ ಈ ಕಣಜ ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ, ಅದರ ಮರಿ ಒಳಗಿನದ್ದೆಲ್ಲ ತಿಂದು ಬೆಳೆಯುತ್ತದೆ, ಸುಳಿ ಕೊರೆಯುವ ಹುಳು ಹುಟ್ಟುವುದೇ ಇಲ್ಲ.

ಅದಕ್ಕೇ ದಿನ ಎಣಿಸಿ. ನಾಟಿ ಮಾಡಿದ 30 ದಿನಕ್ಕೆ ಮೊದಲ ಕಾರ್ಡ್, ಆಮೇಲೆ ವಾರ-ಹತ್ತು ದಿನಕ್ಕೊಮ್ಮೆ ನಾಲ್ಕೈದು ಸಲ. ಒಮ್ಮೆ ಕಟ್ಟಿ ಸುಮ್ನೆ ಕೂತರೆ ಆಗಲ್ಲ, ಕಣಜ ಬದುಕುವುದು ಕೆಲವೇ ದಿನ, ಪತಂಗಗಳು ಮಾತ್ರ ಬರುತ್ತಲೇ ಇರುತ್ತವೆ. ಗಣಿಕೆ (ಕಬ್ಬಿನ ಗೆಣ್ಣುಗಳ ನಡುವಿನ ಭಾಗ) ಕೊರೆಯುವ ಹುಳಕ್ಕೆ ನಾಲ್ಕನೇ ತಿಂಗಳಿಂದ 15 ದಿನಕ್ಕೊಮ್ಮೆ ಬೇರೆಯಾಗಿ ಕಟ್ಟಬೇಕು.

ಎಕರೆಗೆ ಒಂದು ಕಾರ್ಡ್ ಸಾಕು, ಅದರಲ್ಲಿ ಸುಮಾರು 20,000 ಮೊಟ್ಟೆ ಇರುತ್ತವೆ. ತರುವಾಗ ಬಿಸಿಲಿಗೆ ಹಿಡಿಯಬೇಡಿ, ಬೈಕಿನ ಡಿಕ್ಕಿಯಲ್ಲಂತೂ ಇಡಲೇಬೇಡಿ. ಕಾರ್ಡ್ ಹತ್ತಿರದಿಂದ ನೋಡಿ: ಗಸಗಸೆ ಅಂಟಿಸಿದ ಹಾಗೆ ಕಾಣುವ ಮೊಟ್ಟೆಗಳು ಕಪ್ಪಾಗಿರಬೇಕು, ಅಂದರೆ ಒಳಗೆ ಕಣಜ ಬೆಳೆಯುತ್ತಿದೆ. ಬೆಳ್ಳಗಿನವು ಜಾಸ್ತಿ ಇದ್ದರೆ ಆ ಕಾರ್ಡ್ ತಗೋಬೇಡಿ. ಕವರಿನೊಳಗೆ ಸಣ್ಣ ಕಣಜ ಓಡಾಡುತ್ತಿದ್ದರೆ ಅವತ್ತೇ ಹೊಲಕ್ಕೆ ಒಯ್ಯಿರಿ.

ಸಂಜೆ ಬಿಸಿಲು ಇಳಿದ ಮೇಲೆ ಕಟ್ಟುವುದು ಒಳ್ಳೆಯದು. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಕಟ್ಟಿದರೆ ಕಣಜ ಉಳಿಯುವುದು ಕಷ್ಟ. ಮೊಟ್ಟೆ ಜಜ್ಜದ ಹಾಗೆ ಕಾರ್ಡನ್ನು ಸಣ್ಣ ತುಂಡು ಮಾಡಿ, ಸುಮಾರು 10 ಮೀಟರಿಗೆ ಒಂದರಂತೆ ಎಲೆಯ ಹಿಂಬದಿಗೆ ಸ್ಟೇಪ್ಲರ್ ಪಿನ್ ಹೊಡೆಯಿರಿ. ಈ ಕಣಜ ಜಾಸ್ತಿ ದೂರ ಹಾರಲ್ಲ, ಬದುವಿನ ಮೇಲೆ ನಿಂತು ಅಂಚಿಗಷ್ಟೇ ಕಟ್ಟಿ ಬಂದರೆ ನಡುವಿನ ಸಾಲುಗಳಿಗೆ ಏನೂ ಸಿಗುವುದಿಲ್ಲ. ಇರುವೆ ಹರಿದಾಡುವ ಗಿಡ ಬಿಟ್ಟುಬಿಡಿ, ರಾತ್ರಿ ಕಳೆಯುವುದರೊಳಗೆ ಕಾರ್ಡ್ ಖಾಲಿ ಮಾಡುತ್ತವೆ.

ಕಾರ್ಡ್ ಕಟ್ಟುವ ಒಂದು ವಾರ ಹಿಂದೆ, ಒಂದು ವಾರ ಮುಂದೆ ಕೀಟನಾಶಕ ಹೊಡೆಯಬೇಡಿ. ಸಾಲಿನ ನಡುವೆ ರವದಿ (ಕಬ್ಬಿನ ಒಣ ಎಲೆ) ಹಾಸಿ, ಸುಡಬೇಡಿ, ಸುಳಿ ಕೊರಕ ಅದರಿಂದಲೂ ಕಡಿಮೆಯಾಗುತ್ತದೆ.

ವಾರದ ನಂತರ ಎಲೆ ಮಗುಚಿ ನೋಡಿ. ಸಾಲಾಗಿ ಅಂಟಿದ ಚಪ್ಪಟೆ ಮೊಟ್ಟೆಗಳು ಪೂರ್ತಿ ಕಪ್ಪಾಗಿದ್ದರೆ ಕಣಜ ಅಲ್ಲಿಗೆ ಮುಟ್ಟಿದೆ. ಬೆಳ್ಳಗಿನವೇ ಕಾಣುತ್ತಿದ್ದರೆ ಮುಂದಿನ ಕಾರ್ಡನ್ನು ಹತ್ತು ದಿನ ಕಾಯದೆ ಕಟ್ಟಿಬಿಡಿ.