ಮೊದಲು ಕಿವಿ, ಆಮೇಲೆ ಕಣ್ಣು

ಬೆಳಗಿನ ನಾಲ್ಕೂವರೆಗೆ ಡೆಕ್ಕಿಗೆ ಬಂದರೆ ಆಗಲೇ ಬೆಳಕಾಗಿತ್ತು. ಜುಲೈ ತಿಂಗಳ ಆಗ್ನೇಯ ಅಲಾಸ್ಕಾದಲ್ಲಿ ಸೂರ್ಯನಿಗೆ ನಿದ್ದೆ ಕಡಿಮೆ. ಅರವತ್ತು ಜನರ ನಮ್ಮ ಸಣ್ಣ ಹಡಗು ಜುನೋ ಪಟ್ಟಣ ಬಿಟ್ಟು, ಸ್ಟೀಫನ್ಸ್ ಪ್ಯಾಸೇಜ್ ಎಂಬ ಜಲಮಾರ್ಗದಲ್ಲಿ ದಕ್ಷಿಣಕ್ಕೆ ಸಾಗಿ ಫ್ರೆಡರಿಕ್ ಸೌಂಡ್ ಎಂಬ ಜಲಸಂಧಿಯ ಹತ್ತಿರ ಬಂದಿತ್ತು. ಚಳಿಗಾಲವನ್ನು ಹವಾಯಿಯ ಬೆಚ್ಚನೆಯ ನೀರಿನಲ್ಲಿ ಹೆಚ್ಚುಕಡಿಮೆ ಉಪವಾಸವಿದ್ದು ಕಳೆಯುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಬರುವ ಜಾಗಗಳಲ್ಲಿ ಇದೂ ಒಂದು.

ಆ ಬೆಳಿಗ್ಗೆ ನಾನು ಮಾಡಿದ್ದೆಲ್ಲ ತಪ್ಪೇ. ಉದ್ದ ಲೆನ್ಸಿನ ಕ್ಯಾಮೆರಾವನ್ನು ಕಣ್ಣಿಗೆ ಅಂಟಿಸಿಕೊಂಡು ಕಟಕಟೆಯಿಂದ ಕಟಕಟೆಗೆ ಓಡಿದೆ. ಯಾರಾದರೂ "ಅಲ್ಲಿ!" ಎಂದು ಕೂಗಿದರೆ ಅತ್ತ ತಿರುಗುತ್ತಿದ್ದೆ. ನಾನು ತಿರುಗುವಷ್ಟರಲ್ಲಿ ಅಲ್ಲಿ ಬರೀ ನೀರು. ಉಪಾಹಾರದ ಹೊತ್ತಿಗೆ ನಾನೂರು ಚಿತ್ರಗಳಾಗಿದ್ದವು. ಅವುಗಳಲ್ಲಿ ಮುನ್ನೂರ ತೊಂಬತ್ತು ಸಮುದ್ರದ್ದೇ. ಅಕ್ಕ ಕಾಫಿ ಕುಡಿಯುತ್ತಾ ಕುಳಿತಲ್ಲಿಂದಲೇ ನಾಲ್ಕು ತಿಮಿಂಗಿಲಗಳನ್ನು ನೋಡಿಯಾಗಿತ್ತು. "ಮೊದಲು ಆ ಕ್ಯಾಮೆರಾ ಕೆಳಗಿಡು ಮಾರಾಯ, ಕಿವಿ ಇಲ್ಲವೇ ನಿನಗೆ?" ಎಂದಳು.

ಅವಳು ಹೇಳಿದ್ದು ಸರಿ. ನೀರು ಶಾಂತವಾಗಿದ್ದು ಎಂಜಿನ್ ನಿಂತಿದ್ದರೆ, ತಿಮಿಂಗಿಲದ ಉಸಿರು ಬಲುದೂರದವರೆಗೆ ಕೇಳುತ್ತದೆ: ಬಸ್ಸಿನ ಏರ್ ಬ್ರೇಕ್ ಬಿಟ್ಟಂತೆ ಒಂದು 'ಫುಸ್'. ಸದ್ದು ಕೇಳಿದ ಕಡೆ ತಿರುಗಿದರೆ ಮೂರು ನಾಲ್ಕು ಮೀಟರ್ ಎತ್ತರದ ಬಿಳಿ ಆವಿ ಇನ್ನೂ ಗಾಳಿಯಲ್ಲಿ ತೂಗುತ್ತಿರುತ್ತದೆ. ದಿಕ್ಕು ಹೇಳಲು ಹಡಗಿನಲ್ಲಿ ಗಡಿಯಾರದ ಲೆಕ್ಕವಿದೆ. ಮೂತಿ ಇರುವ ಕಡೆ ಹನ್ನೆರಡು ಗಂಟೆ, ಬಲಕ್ಕೆ ಮೂರು, ಹಿಂದಕ್ಕೆ ಆರು. "ಅಲ್ಲಿ" ಎಂದು ಕೂಗುವುದಕ್ಕಿಂತ "ಹತ್ತು ಗಂಟೆ" ಎಂದರೆ ಹತ್ತು ಜನಕ್ಕೆ ಉಪಕಾರ.

ಎರಡನೆಯ ಪಾಠ ಎಣಿಕೆ. ಇದನ್ನು ಹೇಳಿಕೊಟ್ಟದ್ದು ಹಡಗಿನ ಮಾರ್ಗದರ್ಶಿ ಹುಡುಗಿ. ಆಳಕ್ಕೆ ಹೋಗುವ ಮೊದಲು ಹಂಪ್‌ಬ್ಯಾಕ್ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ಸಲ ಉಸಿರಾಡುತ್ತದೆ. ಒಂದು, ಎರಡು, ಮೂರು ಎನ್ನುತ್ತಿರುವಾಗ ಬೆನ್ನು ಪ್ರತಿ ಸಲವೂ ನೀರಿನ ಮೇಲೆ ಸಪಾಟಾಗಿ ಜಾರುತ್ತದೆ. ಕೊನೆಯ ಉಸಿರಿನ ಮೇಲೆ ಮಾತ್ರ ಅದೇ ಬೆನ್ನು ಬಿಲ್ಲಿನ ಹಾಗೆ ಎತ್ತರಕ್ಕೆ ಬಾಗುತ್ತದೆ. ಆಗ ಕ್ಯಾಮೆರಾ ಎತ್ತಬೇಕು, ಬಾಲ ಬರುವುದು ಆಗಲೇ. ಬಾಲ ಮುಳುಗಿದ ಜಾಗದಲ್ಲಿ ಎಣ್ಣೆ ಸುರಿದಂತೆ ನುಣ್ಣನೆಯ ವೃತ್ತವೊಂದು ಉಳಿಯುತ್ತದೆ. ನಾನು ಅದನ್ನು ಕಂಡ ಕೂಡಲೇ ಕೈಗಡಿಯಾರ ನೋಡುವ ಅಭ್ಯಾಸ ಮಾಡಿಕೊಂಡೆ. ಒಂದು ತಿಮಿಂಗಿಲ ಮೂರು ಸಲವೂ ಏಳು ನಿಮಿಷಕ್ಕೆ ಸರಿಯಾಗಿ ಮೇಲೆ ಬಂತು. ನಾಲ್ಕನೆಯ ಸಲ ಬರಲೇ ಇಲ್ಲ. ಅದಕ್ಕೇನು ನನ್ನ ಗಡಿಯಾರದ ಹಂಗೇ?

ಬೈನಾಕ್ಯುಲರ್ ಬಗ್ಗೆ ಒಂದು ಮಾತು: ಹತ್ತು ಪಟ್ಟು ದೊಡ್ಡದು ಮಾಡುವುದನ್ನು ಒಯ್ದಿದ್ದೆ, ಅಲುಗುವ ಹಡಗಿನಲ್ಲಿ ಕಣ್ಣು ನೋವಾದದ್ದೇ ಬಂತು. ಅಕ್ಕನ ಎಂಟು ಪಟ್ಟಿನದೇ ವಾಸಿ.

ಮಧ್ಯಾಹ್ನ ಫೈವ್ ಫಿಂಗರ್ ದ್ವೀಪದ ದೀಪಸ್ತಂಭ ದಾಟಿದೆವು. 1902ರಲ್ಲಿ ಮೊದಲು ಬೆಳಗಿದ ದೀಪ ಅದು. 1984ರವರೆಗೂ ಅಲ್ಲಿ ಕಾವಲಿಗೆ ಜನರಿದ್ದರು. ಅವರಿಗೆ ಈ ಉಸಿರಿನ ಸದ್ದಿನಿಂದ ನಿದ್ದೆ ಕೆಡುತ್ತಿತ್ತೋ, ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲವೋ ಎಂದುಕೊಂಡೆ.

ಅದರಾಚೆ ಕಡಲಹಕ್ಕಿಗಳು ಒಂದೇ ಕಡೆ ಮುತ್ತಿಕೊಂಡಿದ್ದವು. ಕ್ಯಾಪ್ಟನ್ ದೂರದಲ್ಲೇ ಎಂಜಿನ್ ನಿಲ್ಲಿಸಿದರು. ಅಲಾಸ್ಕಾದಲ್ಲಿ ಹಂಪ್‌ಬ್ಯಾಕ್‌ನ 100 ಗಜದೊಳಗೆ ಹೋಗುವಂತಿಲ್ಲ, ಅದು ಬರುವ ದಾರಿಗೆ ಮುಂಚಿತವಾಗಿ ಹೋಗಿ ಅಡ್ಡ ನಿಲ್ಲುವಂತೆಯೂ ಇಲ್ಲ. ಮಾರ್ಗದರ್ಶಿ ಹೈಡ್ರೋಫೋನನ್ನು, ಅಂದರೆ ನೀರೊಳಗಿನ ಮೈಕನ್ನು, ಹಗ್ಗದಲ್ಲಿ ಕೆಳಗಿಳಿಸಿ ಸ್ಪೀಕರ್ ಹಚ್ಚಿದಳು. ಮೊದಲು ಬರೀ ಕರಕರ. ಆಮೇಲೆ ಯಾರೋ ಕಹಳೆ ಕಲಿಯುತ್ತಿರುವಂತೆ ಉದ್ದನೆಯ ಕೂಗು. ಮತ್ತೆ ಮತ್ತೆ ಅದೇ ಕೂಗು. ಹೆರಿಂಗ್ ಮೀನುಗಳನ್ನು ಹೆದರಿಸಿ ಒತ್ತೊತ್ತಾಗಿ ಗುಂಪುಗೂಡಿಸುವ ಕೂಗಂತೆ ಅದು. ಇನ್ನೊಂದು ತಿಮಿಂಗಿಲ ಆಗ ಕೆಳಗಿನಿಂದ ಗುಳ್ಳೆಗಳನ್ನು ಬಿಡುತ್ತಾ ಸುತ್ತು ಹಾಕುತ್ತದೆ. ಗುಳ್ಳೆಗಳ ಗೋಡೆಯನ್ನು ಮೀನು ದಾಟುವುದಿಲ್ಲ.

ಕೂಗು ಸ್ವರ ಏರಿಸಿಕೊಂಡು ಹೋಗಿ ತಟ್ಟನೆ ನಿಂತಿತು. ಡೆಕ್ಕಿನಲ್ಲೂ ಯಾರೂ ಮಾತಾಡಲಿಲ್ಲ. ನೀರಿನ ಮೇಲೆ ಹಸಿರು ಗುಳ್ಳೆಗಳ ಉಂಗುರವೊಂದು ಮೂಡಿ ಕೂಡಿಕೊಂಡಿತು, ಹಕ್ಕಿಗಳು ಅದರ ಮೇಲಕ್ಕೇ ಬಂದವು. ಮರುಕ್ಷಣ ಉಂಗುರದೊಳಗಿನಿಂದ ಏಳೆಂಟು ಬಾಯಿಗಳು ಒಟ್ಟಿಗೇ ತೆರೆದುಕೊಂಡು ಮೇಲೆದ್ದವು. ಗಂಟಲಿನ ಮಡಿಕೆಗಳು ಬಿಚ್ಚಿ ಊದಿಕೊಂಡಿದ್ದವು. ಅಂಚಿನಿಂದ ಬೆಳ್ಳಿಯ ಮೀನುಗಳು ಚಿಮ್ಮುತ್ತಿದ್ದವು. ಎಲ್ಲ ಸೇರಿ ಹತ್ತು ಸೆಕೆಂಡು ಇರಬಹುದು. ಆಮೇಲೆ ಬಾಯಿ ಮುಚ್ಚಿ ನೀರನ್ನು ಸೋಸಿ ಹೊರದೂಡುತ್ತಾ, ಊಟವಾದವರ ಹಾಗೆ ನಿಧಾನವಾಗಿ ಹೊರಳಿದವು. ಗಾಳಿ ನಮ್ಮ ಕಡೆಗಿತ್ತು. ಕೊಳೆತ ಮೀನಿಗೆ ಹಳಸಿದ ಎಲೆಕೋಸು ಬೆರೆಸಿದಂಥ ವಾಸನೆ. ಅಕ್ಕ ಮೂಗು ಮುಚ್ಚಿಕೊಂಡು ನಗುತ್ತಿದ್ದಳು. ಆ ಬಾಯಿಗಳ ಒಂದು ಚಿತ್ರವನ್ನೂ ನಾನು ತೆಗೆಯಲಿಲ್ಲ. ಕ್ಯಾಮೆರಾ ಕೊರಳಲ್ಲೇ ನೇತಾಡುತ್ತಿತ್ತು.

ತೆಗೆದದ್ದು ಆಮೇಲೆ. ಗುಂಪಿನಿಂದ ಬೇರೆಯಾದ ಒಂದರ ಉಸಿರು ಎಣಿಸಿದೆ. ಐದನೆಯದಕ್ಕೆ ಬೆನ್ನು ಬಾಗಿತು. ಬಾಲ ಪೂರ್ತಿ ಎದ್ದು ನಿಂತಾಗ ಒಳಭಾಗದ ಕಪ್ಪು ಬಿಳಿ ಮಚ್ಚೆಗಳು, ಬಲ ಅಂಚಿನಲ್ಲಿ ಇಲಿ ಕಚ್ಚಿದಂಥ ಒಂದು ಕೊರೆ, ಎಲ್ಲ ಸ್ಪಷ್ಟವಾಗಿ ಸಿಕ್ಕವು. ಈ ಮಚ್ಚೆಗಳೂ ಅಂಚಿನ ಗೆರೆಯೂ ನಮ್ಮ ಬೆರಳಚ್ಚಿನಂತೆ; ಒಂದರದು ಇನ್ನೊಂದಕ್ಕಿಲ್ಲ.

ಮನೆಗೆ ಬಂದ ಮೇಲೆ ಆ ಚಿತ್ರವನ್ನು, ಬಾಲಗಳನ್ನು ಹೋಲಿಸಿ ನೋಡುವ ಹ್ಯಾಪಿವೇಲ್ ಜಾಲತಾಣಕ್ಕೆ ಕಳುಹಿಸಿದೆ. ಕೆಲವು ದಿನಗಳ ನಂತರ ಉತ್ತರ ಬಂತು. ಅದೇ ತಿಮಿಂಗಿಲವನ್ನು ಹಿಂದಿನ ಫೆಬ್ರವರಿಯಲ್ಲಿ ಹವಾಯಿಯ ಮಾವಿ ದ್ವೀಪದ ಬಳಿ ಯಾರೋ ಕಂಡು ಚಿತ್ರ ತೆಗೆದಿದ್ದರು. ಆ ಚಿತ್ರವನ್ನು ದೊಡ್ಡದು ಮಾಡಿ ಅಕ್ಕನಿಗೆ ತೋರಿಸಿದೆ. ಬಲ ಅಂಚಿನ ಕೊರೆ ಅಲ್ಲೂ ಇತ್ತು. "ಇವರು ಎಷ್ಟನೆಯ ಉಸಿರಿಗೆ ತೆಗೆದರೋ ಕೇಳು" ಎಂದಳು.